ಜೇಬು ಬೇರೆ, ಪೆಟ್ಟಿಗೆ ಬೇರೆ: ಯಹೂದಿ ಕುಟುಂಬದ ಫೌಂಡೇಶನ್ನಿನಲ್ಲಿ ಅನುದಾನ ಹಂಚುವ ಕೆಲಸ

ಯಹೂದಿಗಳ ಪ್ರಾಯಶ್ಚಿತ್ತದ ಹಬ್ಬವಾದ ಯೋಮ್ ಕಿಪ್ಪುರ್ ಉಪವಾಸದ ದಿನ ಅಮೆರಿಕದ ಬಹಳಷ್ಟು ಯಹೂದಿ ಪ್ರಾರ್ಥನಾಲಯಗಳಲ್ಲಿ, ಅಂದರೆ ಸಿನಗಾಗ್‌ಗಳಲ್ಲಿ ದೇಣಿಗೆ ಕೇಳುತ್ತಾರೆ. ಆ ದಿನ ಬರೆಯುವುದು ನಿಷಿದ್ಧ. ಅದಕ್ಕೇ ಕುರ್ಚಿಯ ಮೇಲೆ ಒಂದು ಕಾರ್ಡ್ ಇಟ್ಟಿರುತ್ತಾರೆ, ಅದರ ಅಂಚಿನಲ್ಲಿ 180, 360, 1,800, 18,000 ಎಂದು ಅಚ್ಚು ಹಾಕಿದ ಪಟ್ಟಿಗಳಿರುತ್ತವೆ. ಬೇಕಾದ ಮೊತ್ತದ ಪಟ್ಟಿಯನ್ನು ಮಡಚಿ ಕೊಟ್ಟರೆ ಮಾತು ಕೊಟ್ಟಂತೆ. ಎಲ್ಲವೂ ಹದಿನೆಂಟರ ಮಗ್ಗಿ ಏಕೆಂದರೆ ಹೀಬ್ರೂವಿನಲ್ಲಿ ‘ಜೀವ’ ಎಂಬರ್ಥದ ‘ಖಾಯ್’ ಪದದ ಎರಡು ಅಕ್ಷರಗಳ ಬೆಲೆ 8 ಮತ್ತು 10.

ಕುಟುಂಬವೊಂದರ ದತ್ತಿಯ ಹಣ ಹಂಚುವ ಫೌಂಡೇಶನ್ನಿನ ಕಚೇರಿಯಲ್ಲಿ ಕೂತವರಿಗೆ ಈ ಕಾರ್ಡಿನಷ್ಟು ತಲೆನೋವು ಇನ್ನೊಂದಿಲ್ಲ. ಕಾರ್ಡಿನ ಮೇಲಿರುವುದು ಟ್ರಸ್ಟಿಯ ಸ್ವಂತ ಹೆಸರು. ಆ ಮಾತು ಕಾನೂನಿನಂತೆ ವಸೂಲು ಮಾಡಬಹುದಾದ ಬದ್ಧತೆಯಾಗಿದ್ದು, ಅದನ್ನು ಫೌಂಡೇಶನ್ನಿನ ಚೆಕ್ಕಿನಿಂದ ತೀರಿಸಿದರೆ, ಮನೆಯವರ ಸಾಲವನ್ನು ದತ್ತಿಯ ಹಣದಿಂದ ತೀರಿಸಿದ ಹಾಗೆ. 1969ರ ತೆರಿಗೆ ಸುಧಾರಣಾ ಕಾನೂನು ಇದನ್ನು ‘ಸೆಲ್ಫ್ ಡೀಲಿಂಗ್’ ಎನ್ನುತ್ತದೆ. ಲಾಭ ಪಡೆದ ಟ್ರಸ್ಟಿ ತನ್ನ ಕೈಯಿಂದ ವರ್ಷಕ್ಕೆ 10% ದಂಡ ತೆರಬೇಕು, ಹಣವನ್ನೂ ಫೌಂಡೇಶನ್ನಿಗೆ ವಾಪಸ್ ತುಂಬಬೇಕು. ಸರಿಪಡಿಸದೆ ಬಿಟ್ಟರೆ ದಂಡ 200%ಕ್ಕೆ ಏರುತ್ತದೆ. ನಾವು ಮಾಡುವುದು ಇಷ್ಟೇ: ಹಬ್ಬಕ್ಕೆ ಮೂರು ವಾರ ಮೊದಲೇ ಪ್ರತಿ ಟ್ರಸ್ಟಿಗೂ ಒಂದು ಪುಟದ ಪತ್ರ ಕಳಿಸುತ್ತೇವೆ. ಕಾರ್ಡ್ ಮಡಚಿದರೆ ಅದು ನಿಮ್ಮ ಜೇಬಿನದು; ಫೌಂಡೇಶನ್ ಕೊಡಬೇಕೆಂದಿದ್ದರೆ ಕಾರ್ಡನ್ನು ಕುರ್ಚಿಯ ಮೇಲೇ ಬಿಟ್ಟು ಬನ್ನಿ, ನಾವು ಸಿನಗಾಗ್‌ಗೆ ಬೇರೆಯಾಗಿ ಪತ್ರ ಬರೆಯುತ್ತೇವೆ.

ಸದಸ್ಯತ್ವದ ವರ್ಗಣಿಯೂ ಹೀಗೆಯೇ. ಕುಟುಂಬದವರ ಪರವಾಗಿ ಪ್ರಾರ್ಥನಾಲಯದ ಸದಸ್ಯತ್ವ ಶುಲ್ಕವನ್ನು ಫೌಂಡೇಶನ್ ಕಟ್ಟುವಂತಿಲ್ಲ ಎಂದು ತೆರಿಗೆ ಇಲಾಖೆಯಾದ ಐಆರ್‌ಎಸ್ 1977ರಲ್ಲೇ ಹೇಳಿಯಾಗಿದೆ. ಹಬ್ಬದ ದಿನದ ಕಾಯ್ದಿರಿಸಿದ ಆಸನ, ಮೊಮ್ಮಕ್ಕಳ ಯಹೂದಿ ಶಾಲೆಯ ಶುಲ್ಕ, ಸನ್ಮಾನ ಭೋಜನದ ಟಿಕೆಟ್, ಒಂದನ್ನೂ ಕಟ್ಟುವಂತಿಲ್ಲ. ಭೋಜನದ ವಿಷಯದಲ್ಲಿ ಎಲ್ಲರೂ ಹುಡುಕುವ ಅಡ್ಡದಾರಿ ಒಂದಿದೆ: 1,000 ಡಾಲರ್ ಟಿಕೆಟ್ಟಿನಲ್ಲಿ ಊಟದ ಬೆಲೆ 150ನ್ನು ಟ್ರಸ್ಟಿ ಕೊಡುವುದು, ಉಳಿದ 850ನ್ನು ಫೌಂಡೇಶನ್ ಕೊಡುವುದು. ಇದೂ ನಡೆಯುವುದಿಲ್ಲ, ಏಕೆಂದರೆ ಆ 850 ಕಟ್ಟದೆ ಒಳಗೆ ಬಿಡುತ್ತಿರಲಿಲ್ಲ. ಸಂಸ್ಥೆಗೆ ನೇರ ಅನುದಾನ ಕೊಟ್ಟು, ‘ಟಿಕೆಟ್, ಟೇಬಲ್ ಯಾವುದೂ ಬೇಡ’ ಎಂದು ಬರೆದುಕೊಡಬೇಕು. ಊಟಕ್ಕೆ ಹೋಗುವವರು ಪೂರ್ತಿ ಟಿಕೆಟ್ಟನ್ನು ತಾವೇ ಕೊಳ್ಳಬೇಕು. ಯಾರದ್ದೋ ದುಡ್ಡು ಯಲ್ಲಮ್ಮನ ಜಾತ್ರೆ ಎಂಬ ಮಾತು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಒಂದು ಕಾಲಕ್ಕೆ ಅದು ಅಜ್ಜನ ದುಡ್ಡೇ ಆಗಿದ್ದಿರಬಹುದು, ತೆರಿಗೆ ವಿನಾಯಿತಿ ಪಡೆದ ದಿನದಿಂದ ಅಲ್ಲ.

ಇನ್ನು ಎಷ್ಟು ಕೊಡಬೇಕು ಎಂಬ ಲೆಕ್ಕ. ನಮ್ಮಂಥ ಖಾಸಗಿ ಫೌಂಡೇಶನ್ ಪ್ರತಿ ವರ್ಷ ತನ್ನ ಹೂಡಿಕೆಯ ಸರಾಸರಿ ಬೆಲೆಯ 5%ರಷ್ಟನ್ನು ಹಂಚಲೇಬೇಕು. ಶೇರು, ಬಾಂಡ್‌ಗಳ ಬೆಲೆಯನ್ನು ತಿಂಗಳು ತಿಂಗಳೂ ಬರೆದಿಟ್ಟು ಸರಾಸರಿ ತೆಗೆಯುತ್ತೇವೆ. ಸರಾಸರಿ 2 ಕೋಟಿ ಡಾಲರ್ ಎಂದುಕೊಳ್ಳಿ. ಕೈಖರ್ಚಿನ ನಗದು ಎಂದು 1.5%, ಅಂದರೆ 3 ಲಕ್ಷ, ಕಳೆಯಲು ಅವಕಾಶವಿದೆ. ಉಳಿದ 1.97 ಕೋಟಿಗೆ 5% ಅಂದರೆ 9,85,000. ಹೂಡಿಕೆಯ ನಿವ್ವಳ ಆದಾಯ 6 ಲಕ್ಷವಾದರೆ ಅದರ ಮೇಲಿನ 1.39% ತೆರಿಗೆ 8,340. ಅದನ್ನೂ ಕಳೆದರೆ 9,76,660. ಈ ವರ್ಷದ ಈ ಮೊತ್ತವನ್ನು ಮುಂದಿನ ವರ್ಷದ ಡಿಸೆಂಬರ್ 31ರೊಳಗೆ ಕೊಟ್ಟು ಮುಗಿಸಬೇಕು. ಕಡಿಮೆ ಬಿದ್ದರೆ ಬಾಕಿಯ ಮೇಲೆ 30% ದಂಡ, ಹೆಚ್ಚು ಕೊಟ್ಟಿದ್ದರೆ ಹೆಚ್ಚುವರಿಯನ್ನು ಐದು ವರ್ಷ ಜಮೆ ಹಿಡಿದುಕೊಳ್ಳಬಹುದು.

ಇಲ್ಲಿ ಎಡವುವುದು ಎರಡು ಕಡೆ. ಅನುದಾನದ ಕೆಲಸ ಮಾಡುವ ನೌಕರರ ಸಂಬಳ ಈ 5%ರೊಳಗೆ ಸೇರುತ್ತದೆ, ಹೂಡಿಕೆ ಸಲಹೆಗಾರನ ಫೀಸು ಸೇರುವುದಿಲ್ಲ. ಮೂರು ವರ್ಷಕ್ಕೆ 3 ಲಕ್ಷ ಕೊಡುತ್ತೇವೆಂದು ಪತ್ರ ಬರೆದ ವರ್ಷ 3 ಲಕ್ಷ ಲೆಕ್ಕಕ್ಕೆ ಬರುವುದಿಲ್ಲ. ಆ ವರ್ಷ ಚೆಕ್ ಹೋದದ್ದು 1 ಲಕ್ಷವಾದರೆ ಅಷ್ಟೇ. ಡಿಸೆಂಬರ್ ಕೊನೆಯ ವಾರದ ಪರದಾಟ ತಪ್ಪಿಸಲು ಮುಕ್ಕಾಲು ಪಾಲನ್ನು ಜೂನ್ ಒಳಗೆ ಮಂಜೂರು ಮಾಡುತ್ತೇವೆ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಯಹೂದಿ ಹೊಸ ವರ್ಷವಾದ ರೋಶ್ ಹಶಾನಾದಿಂದ ಸುಕ್ಕೋತ್ ಹಬ್ಬ ಮುಗಿಯುವ ತನಕ ಮೂರು ವಾರ ಒಂದು ಮೀಟಿಂಗನ್ನೂ ಇಡಲಾಗದು, ಅದು ತಿಳಿದ ವಿಷಯವೇ.

ಹಂಚುವ ಪದ್ಧತಿಗೆ ನಮಗೆ ಮ್ಯಾನೇಜ್‌ಮೆಂಟ್ ಸಲಹೆಗಾರರಿಗಿಂತ ಹಳೆಯ ಗ್ರಂಥಗಳೇ ಹೆಚ್ಚು ಉಪಯೋಗಕ್ಕೆ ಬಂದಿವೆ. ದಾನಕ್ಕೆ ಹೀಬ್ರೂವಿನಲ್ಲಿರುವ ‘ತ್ಸೆದಾಕಾ’ ಎಂಬ ಪದದ ಬೇರು ನ್ಯಾಯ, ಕರುಣೆಯಲ್ಲ. ಊರ ಬಡವರ ಪೆಟ್ಟಿಗೆಗೆ ಹಣವನ್ನು ಇಬ್ಬರು ಎತ್ತಬೇಕು, ಮೂವರು ಹಂಚಬೇಕು ಎನ್ನುತ್ತದೆ ಯಹೂದಿಗಳ ಹಳೆಯ ಧರ್ಮಸಂಹಿತೆಯಾದ ಮಿಶ್ನಾ. ಹಂಚುವುದು ತೀರ್ಪು ಕೊಟ್ಟ ಹಾಗೆ, ತೀರ್ಪಿಗೆ ಮೂವರು ಬೇಕು. ಹಾಗಾಗಿ ನಮ್ಮಲ್ಲಿ ಚೆಕ್ಕಿಗೆ ಎರಡು ಸಹಿ, ಅರ್ಜಿಗೆ ಮೂವರ ಸಮಿತಿ. ಮೂವರಲ್ಲಿ ಒಬ್ಬರು ಕುಟುಂಬದ ಹೊರಗಿನವರು. ಅರ್ಜಿದಾರ ಸಂಸ್ಥೆಯ ಮಂಡಳಿಯಲ್ಲಿ ಯಾರಾದರೂ ಟ್ರಸ್ಟಿ ಇದ್ದರೆ ಅವರು ಆ ಚರ್ಚೆಯ ಹೊತ್ತಿಗೆ ಕೋಣೆಯಿಂದ ಆಚೆ ಹೋಗುತ್ತಾರೆ, ನಡಾವಳಿಯಲ್ಲಿ ಅದು ದಾಖಲಾಗುತ್ತದೆ.

ಇನ್ನೊಂದು ಪಾಠ ಮಿಶ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮುಡ್‌ನದು. ಬಟ್ಟೆ ಕೇಳಿ ಬಂದವನನ್ನು ವಿಚಾರಿಸಬೇಕೋ, ಊಟ ಕೇಳಿ ಬಂದವನನ್ನು ವಿಚಾರಿಸಬೇಕೋ ಎಂಬ ವಾದ ಅಲ್ಲಿದೆ. ರಾವ್ ಯೆಹೂದಾ ಎಂಬ ಪಂಡಿತ ಹೇಳಿದ್ದೇ ನಿಂತಿತು: ಬಟ್ಟೆಗೆ ವಿಚಾರಣೆ, ಊಟಕ್ಕೆ ಇಲ್ಲ. ನಾವು ಅರ್ಜಿಗಳನ್ನು ಎರಡು ವೇಗದಲ್ಲಿ ನಡೆಸುವುದು ಈ ಮಾತಿನ ಮೇಲೇ. ಊಟ, ಬಾಡಿಗೆ, ಔಷಧಿಗೆಂದು ಬಂದ ಸಂಸ್ಥೆಗೆ ಒಂದು ಪುಟದ ಅರ್ಜಿ ಸಾಕು, ಹತ್ತು ದಿನದೊಳಗೆ ಹಣ ಹೋಗುತ್ತದೆ. ವಸಂತದ ಪಸ್ಕ (ಪಾಸೋವರ್) ಹಬ್ಬದ ಅನುದಾನಕ್ಕಂತೂ ತಡವೆಂಬುದೇ ಇರಕೂಡದು. ‘ಮಾಓತ್ ಖಿಟೀಮ್’, ಅಂದರೆ ‘ಗೋಧಿಯ ಹಣ’, ಎಂಬುದು ಹಬ್ಬಕ್ಕೆ ಬಡವರ ಮನೆಗೆ ದಿನಸಿ ಮುಟ್ಟಿಸುವ ಹಳೆಯ ಪದ್ಧತಿ. ಎಂಟು ದಿನ ಹುದುಗು ಬಂದ ಯಾವುದೂ ಮನೆಯಲ್ಲಿರಬಾರದಾದ್ದರಿಂದ ಅಡುಗೆಮನೆಯ ಸಾಮಾನೇ ಬದಲಾಗುತ್ತದೆ, ಖರ್ಚು ಏರುತ್ತದೆ. ಹುದುಗಿಲ್ಲದ ಮಾತ್ಸಾ ರೊಟ್ಟಿಗೆ ಸಗಟು ಆರ್ಡರ್ ಪುರೀಮ್‌ಗಿಂತ ಮೊದಲೇ ಹೋಗಬೇಕು, ಪುರೀಮ್ ಬರುವುದು ಪಸ್ಕಕ್ಕೆ ಒಂದು ತಿಂಗಳು ಮುಂಚೆ. ಆದ್ದರಿಂದ ಜನವರಿಯಲ್ಲಿ ಮಂಜೂರಾತಿ, ಫೆಬ್ರವರಿ ಮೊದಲ ವಾರದಲ್ಲಿ ಚೆಕ್. ಮಾರ್ಚಿನಲ್ಲಿ ಕೊಟ್ಟ ಹಣಕ್ಕೆ ಅರ್ಧ ಬೆಲೆ.

ಕಟ್ಟಡ, ಹೊಸ ಕಾರ್ಯಕ್ರಮ, ಶಿಕ್ಷಕರ ತರಬೇತಿ ಇತ್ಯಾದಿಗೆ ಮಾತ್ರ ಪೂರ್ತಿ ವಿಚಾರಣೆ. ಮೊದಲು ಎರಡು ಪುಟದ ಪತ್ರ. ಅದು ಒಪ್ಪಿಗೆಯಾದರೆ ತೆರಿಗೆ ವಿನಾಯಿತಿ ಪತ್ರ, ಕಳೆದ ವರ್ಷದ ಫಾರ್ಮ್ 990 (ದತ್ತಿಸಂಸ್ಥೆ ತೆರಿಗೆ ಇಲಾಖೆಗೆ ಸಲ್ಲಿಸುವ ವಾರ್ಷಿಕ ವರದಿ), ಆಡಿಟ್ ವರದಿ, ಈ ವರ್ಷದ ಬಜೆಟ್ ಮತ್ತು ಇಲ್ಲಿಯವರೆಗಿನ ನಿಜವಾದ ಖರ್ಚು. ಮೊದಲು ನೋಡುವುದು ಕೈಯಲ್ಲಿರುವ ನಗದು ಎಷ್ಟು ತಿಂಗಳ ಖರ್ಚಿಗೆ ಆಗುತ್ತದೆ ಎಂದು. ಒಂದು ತಿಂಗಳಿಗೂ ಆಗದ ಸಂಸ್ಥೆಗೆ ಹೊಸ ಕಾರ್ಯಕ್ರಮದ ಹಣ ಕೊಟ್ಟರೆ ಅದು ಸಂಬಳಕ್ಕೆ ಕರಗುತ್ತದೆ. ಅಂಥವರಿಗೆ ಸಾಮಾನ್ಯ ಖರ್ಚಿಗೇ ಕೊಡುವುದು ಪ್ರಾಮಾಣಿಕ. ಆಗದು ಎನ್ನುವುದಾದರೆ ಮೊದಲ ಪತ್ರದ ಹಂತದಲ್ಲೇ, ಮೂವತ್ತು ದಿನದೊಳಗೆ ಹೇಳಿಬಿಡಬೇಕು.

ಸಿನಗಾಗ್‌ಗಳು ಫಾರ್ಮ್ 990 ಸಲ್ಲಿಸಬೇಕಿಲ್ಲ, ವಿನಾಯಿತಿಗೆ ಅರ್ಜಿಯನ್ನೂ ಹಾಕಬೇಕಿಲ್ಲ. ಹೀಗಾಗಿ ಐಆರ್‌ಎಸ್ ಪಟ್ಟಿಯಲ್ಲಿ ಹೆಸರು ಸಿಗಲಿಲ್ಲವೆಂದ ಮಾತ್ರಕ್ಕೆ ಅದು ನಕಲಿಯಲ್ಲ, ಬೇರೆ ದಾಖಲೆ ಕೇಳಬೇಕು. ರಬ್ಬಿಯ, ಅಂದರೆ ಯಹೂದಿ ಧರ್ಮಗುರುವಿನ, ವಿವೇಚನಾ ನಿಧಿಗೆ ಕೊಡುವಾಗ ಚೆಕ್ ಸಿನಗಾಗ್ ಹೆಸರಿಗಿರಬೇಕು, ರಬ್ಬಿಯ ಹೆಸರಿಗಲ್ಲ. ವಿದ್ಯಾರ್ಥಿವೇತನವನ್ನು ನಾವೇ ಆಯ್ದ ಮಗುವಿಗೆ ಕೊಡುವುದಕ್ಕೆ ಐಆರ್‌ಎಸ್‌ನ ಮುಂಗಡ ಒಪ್ಪಿಗೆ ಬೇಕು. ಶಾಲೆಯ ವಿದ್ಯಾರ್ಥಿವೇತನ ನಿಧಿಗೆ ಕೊಟ್ಟು ಆಯ್ಕೆಯನ್ನು ಶಾಲೆಗೇ ಬಿಟ್ಟರೆ ಬೇಡ.

ಹೆಚ್ಚು ಕೊಟ್ಟೂ ಕೆಡಿಸಬಹುದು. ಸಾರ್ವಜನಿಕ ದತ್ತಿಸಂಸ್ಥೆ ಎನಿಸಿಕೊಳ್ಳಲು ಐದು ವರ್ಷದ ಆದಾಯದ ಮೂರನೇ ಒಂದು ಪಾಲು ಜನರಿಂದ ಬಂದಿರಬೇಕು. ಒಬ್ಬ ದಾನಿಯಿಂದ ಬಂದದ್ದರಲ್ಲಿ ಒಟ್ಟು ಆದಾಯದ 2% ಮಾತ್ರ ‘ಜನರ ಹಣ’ ಎಂದು ಲೆಕ್ಕ. ಐದು ವರ್ಷದಲ್ಲಿ 10 ಲಕ್ಷ ಡಾಲರ್ ಬಂದ ಸಂಸ್ಥೆಗೆ 7 ಲಕ್ಷ ನಮ್ಮದೇ ಆದರೆ, ಚಿಲ್ಲರೆ ದಾನಿಗಳ 3 ಲಕ್ಷಕ್ಕೆ ನಮ್ಮ 20,000 ಸೇರಿ 32%. ಗೆರೆಯ ಕೆಳಗೆ. ಬೇರೆ ಪರೀಕ್ಷೆಯೊಂದರಿಂದ ಪಾರಾಗಬಹುದಾದರೂ ವಕೀಲರ ಖರ್ಚು ಅವರ ತಲೆಗೆ ಬರುತ್ತದೆ. ಯಾರದೇ ಬಜೆಟ್ಟಿನ ಮೂರನೇ ಒಂದಕ್ಕಿಂತ ಹೆಚ್ಚು ನಾವು ಕೊಡುವುದಿಲ್ಲ.

ಇಸ್ರೇಲಿನ ಅನುದಾನಕ್ಕೆ ಮೂರು ದಾರಿ. ಆ ಸಂಸ್ಥೆಯ ‘ಅಮೆರಿಕನ್ ಫ್ರೆಂಡ್ಸ್’ ಶಾಖೆ ಇದ್ದರೆ ಅದರ ಮೂಲಕ; ಇಲ್ಲವೇ ಅದು ಅಮೆರಿಕದ ದತ್ತಿಸಂಸ್ಥೆಗೆ ಸಮಾನವೆಂದು ತೆರಿಗೆ ತಜ್ಞರಿಂದ ಲಿಖಿತ ಅಭಿಪ್ರಾಯ; ಇಲ್ಲವೇ ಖರ್ಚಿನ ಪೂರ್ತಿ ಹೊಣೆಯನ್ನು ನಾವೇ ಹೊರುವುದು. ಮೂರನೆಯದರಲ್ಲಿ ಮುಂಗಡ ವಿಚಾರಣೆ, ಸಹಿ ಮಾಡಿದ ಕರಾರು, ಪ್ರತ್ಯೇಕ ಲೆಕ್ಕ, ವರ್ಷವರ್ಷದ ವರದಿ ಇರಬೇಕು, ಹಣ ಮುಗಿಯುವವರೆಗೆ ಖಾಸಗಿ ಫೌಂಡೇಶನ್ನಿನ ವಾರ್ಷಿಕ ವರದಿಯಾದ ನಮ್ಮ ಫಾರ್ಮ್ 990-ಪಿಎಫ್‌ನಲ್ಲಿ ನಮೂದಿಸುತ್ತಲೇ ಇರಬೇಕು. ಅಲ್ಲಿನ ನೋಂದಾಯಿತ ಸಂಘಕ್ಕೆ ‘ಅಮುತಾ’ ಎನ್ನುತ್ತಾರೆ. ಹೀಬ್ರೂ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಬಗೆಯಾಗಿ ಬರೆಯುವುದರಿಂದ ಹೆಸರನ್ನು ನಂಬಬೇಡಿ, 58ರಿಂದ ಶುರುವಾಗುವ ಒಂಬತ್ತು ಅಂಕಿಯ ನೋಂದಣಿ ಸಂಖ್ಯೆಯನ್ನು ಹಿಡಿಯಿರಿ. ರಿಜಿಸ್ಟ್ರಾರ್ ವರ್ಷಕ್ಕೊಮ್ಮೆ ಕೊಡುವ ‘ನಿಹೂಲ್ ತಕೀನ್’, ಅಂದರೆ ಸುವ್ಯವಸ್ಥಿತ ಆಡಳಿತದ ಪ್ರಮಾಣಪತ್ರ, ಈ ವರ್ಷದ್ದೇ ಇರಬೇಕು. ‘ಸೆಕ್ಷನ್ 46 ಇದೆ’ ಎಂದು ಹೆಮ್ಮೆಯಿಂದ ತೋರಿಸುತ್ತಾರೆ. ಅದು ಇಸ್ರೇಲಿ ದಾನಿಗಳ ತೆರಿಗೆ ರಿಯಾಯಿತಿ, ನಮ್ಮ ಯಾವ ಹೊಣೆಯನ್ನೂ ಅದು ಇಳಿಸದು. ಬಜೆಟ್ ಶೆಕೆಲ್‌ನಲ್ಲೂ ಅನುದಾನ ಡಾಲರ್‌ನಲ್ಲೂ ಇದ್ದರೆ ವಿನಿಮಯ ದರ ಏರಿಳಿದಾಗ ಯಾರಿಗೆ ನಷ್ಟ ಎಂಬುದನ್ನು ಕರಾರಿನಲ್ಲೇ ಬರೆಯಿರಿ.

ಬೆಂಗಳೂರು, ಧಾರವಾಡದ ಸಂಸ್ಥೆಗಳೂ ಆಗೀಗ ಕೇಳುತ್ತವೆ. ನಮ್ಮ ಕಡೆಯ ನಿಯಮ ಅದೇ. ಅವರ ಕಡೆ ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಮತ್ತು ಸ್ಟೇಟ್ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಯ ಖಾತೆ ಇರಬೇಕು. 2020ರ ತಿದ್ದುಪಡಿಯ ನಂತರ ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತ ವೆಚ್ಚ 20% ಮೀರುವಂತಿಲ್ಲ. ‘ನಾವು ಪಡೆದು ಹಳ್ಳಿಯ ಸಣ್ಣ ಸಂಘಗಳಿಗೆ ಹಂಚುತ್ತೇವೆ’ ಎಂಬ ಅರ್ಜಿ ಅಲ್ಲಿಗೇ ನಿಲ್ಲುತ್ತದೆ.

ಹನ್ನೆರಡನೇ ಶತಮಾನದ ಯಹೂದಿ ಪಂಡಿತ ಮೈಮೊನಿಡಿಸ್ ದಾನಕ್ಕೆ ಎಂಟು ಮೆಟ್ಟಿಲು ಹೇಳಿದ್ದಾನೆ. ಎಲ್ಲಕ್ಕಿಂತ ಮೇಲಿನದು ಸಾಲ, ಪಾಲುದಾರಿಕೆ ಅಥವಾ ಕೆಲಸ ಕೊಟ್ಟು ಮನುಷ್ಯನನ್ನು ಕಾಲ ಮೇಲೆ ನಿಲ್ಲಿಸುವುದು. ನ್ಯೂಯಾರ್ಕಿನಲ್ಲಿ 1892ರಿಂದಲೇ ಹೀಬ್ರೂ ಫ್ರೀ ಲೋನ್ ಸೊಸೈಟಿ ಬಡ್ಡಿಯಿಲ್ಲದ ಸಾಲ ಕೊಡುತ್ತಿದೆ. ಇಂಥ ನಿಧಿಗೆ ಅನುದಾನದ ಬದಲು ನಾವೂ ಸಾಲವನ್ನೇ ಕೊಡಬಹುದು. ದತ್ತಿ ಉದ್ದೇಶದ ಹೂಡಿಕೆಯೆಂದು ಅದು ಕೊಟ್ಟ ವರ್ಷ 5%ರಲ್ಲಿ ಸೇರುತ್ತದೆ. ಮರೆಯುವುದು ಇದರ ಮುಂದಿನ ಅರ್ಧ: ಅಸಲು ವಾಪಸ್ ಬಂದ ವರ್ಷ ಅಷ್ಟೂ ಮೊತ್ತ ಆ ವರ್ಷದ ಹಂಚಿಕೆಯ ಗುರಿಗೆ ಕೂಡುತ್ತದೆ. ಸಾಲ ಮರುಪಾವತಿಯ ತಾರೀಖುಗಳನ್ನು ಅನುದಾನದ ಕ್ಯಾಲೆಂಡರಿನಲ್ಲೇ ಬರೆದಿಡಿ.

ಹಣ ಶಾಶ್ವತವಾಗಿರಬೇಕೇ ಎಂಬುದನ್ನು ಮೊದಲ ಪೀಳಿಗೆ ಬದುಕಿರುವಾಗಲೇ ತೀರ್ಮಾನಿಸುವುದು ಒಳ್ಳೆಯದು. ಸಿಯರ್ಸ್ ಕಂಪನಿಯ ಜೂಲಿಯಸ್ ರೋಸೆನ್‌ವಾಲ್ಡ್ ತನ್ನ ಸಾವಿನ 25 ವರ್ಷದೊಳಗೆ ನಿಧಿ ಖಾಲಿಯಾಗಬೇಕೆಂದು ವಿಧಿಸಿದ್ದ. ಆತ ತೀರಿಕೊಂಡದ್ದು 1932ರಲ್ಲಿ, ನಿಧಿ ಮುಗಿದದ್ದು 1948ರಲ್ಲಿ. ಅಷ್ಟರಲ್ಲಿ ಅಮೆರಿಕದ ದಕ್ಷಿಣದಲ್ಲಿ ಕಪ್ಪು ಮಕ್ಕಳಿಗಾಗಿ ಸುಮಾರು 5,000 ಶಾಲೆಗಳು ಎದ್ದಿದ್ದವು, ಪ್ರತಿ ಕಡೆಯೂ ಊರವರ ದುಡ್ಡು ದುಡಿಮೆ ಸೇರಿಯೇ. ಖಾಲಿಯಾಗುವ ಇನ್ನೊಂದು ಬಗೆಯೂ ಇದೆ: 2008ರ ಡಿಸೆಂಬರ್ 11ರಂದು ಹೂಡಿಕೆಯ ಹೆಸರಿನಲ್ಲಿ ವಂಚಿಸಿದ ಬರ್ನಾರ್ಡ್ ಮಾಡೊಫ್ ಬಂಧನವಾದ ತಿಂಗಳಲ್ಲೇ, ಹಣವನ್ನು ಅವನ ಬಳಿ ಇಟ್ಟಿದ್ದ ಚೈಸ್ ಕುಟುಂಬದ ಫೌಂಡೇಶನ್ ಬಾಗಿಲು ಹಾಕಿತು. ಒಬ್ಬನೇ ಮ್ಯಾನೇಜರನ ಕೈಯಲ್ಲಿ 20%ಕ್ಕಿಂತ ಹೆಚ್ಚು ಇಡುವುದಿಲ್ಲ, ಮಾತು ಕೊಟ್ಟ ಮುಂದಿನ ವರ್ಷದ ಕಂತುಗಳನ್ನು ಶೇರಿನಲ್ಲಿ ಇಡುವುದಿಲ್ಲ ಎಂಬುದು ನಮ್ಮಲ್ಲಿ ಬರೆದಿಟ್ಟ ನಿಯಮ.

ಮೈಮೊನಿಡಿಸ್‌ನ ಎರಡನೆಯ ಮೆಟ್ಟಿಲು ಕೊಟ್ಟವನಿಗೂ ಪಡೆದವನಿಗೂ ಪರಸ್ಪರ ಗೊತ್ತಿಲ್ಲದ ದಾನ. ಖಾಸಗಿ ಫೌಂಡೇಶನ್ನಿನಲ್ಲಿ ಅದು ಆಗದು. ಮೇ 15ಕ್ಕೆ ಸಲ್ಲಿಸುವ ಫಾರ್ಮ್ 990-ಪಿಎಫ್‌ನಲ್ಲಿ ಪ್ರತಿ ಅನುದಾನದ ಹೆಸರು, ಉದ್ದೇಶ, ಮೊತ್ತ ಇರುತ್ತದೆ, ಯಾರು ಬೇಕಾದರೂ ಓದಬಹುದು. ಗುಟ್ಟಾಗಿ ಕೊಡಬೇಕೆನ್ನುವ ಟ್ರಸ್ಟಿಗೆ ನಾವು ಹೇಳುವುದು ಒಂದೇ: ಸ್ವಂತ ಹಣದಿಂದ ಊರಿನ ಯಹೂದಿ ಸಮುದಾಯದ ದತ್ತಿ ಒಕ್ಕೂಟವಾದ ಫೆಡರೇಶನ್ನಿನಲ್ಲಿ ದಾನಿ ಸಲಹೆಯ ಖಾತೆ (ಹಣ ಫೆಡರೇಶನ್ನಿನದು, ಯಾರಿಗೆ ಕೊಡಬೇಕೆಂಬ ಸಲಹೆ ನಿಮ್ಮದು) ತೆರೆಯಿರಿ, ಪಡೆಯುವವರಿಗೆ ಹೆಸರು ತಿಳಿಸಬೇಡಿ ಎಂದು ಅಲ್ಲಿ ಗುರುತು ಹಾಕಿ. ಆದರೆ ಯೋಮ್ ಕಿಪ್ಪುರ್ ಕಾರ್ಡಿನ ಬಾಕಿಯನ್ನು ಆ ಖಾತೆಯಿಂದ ತೀರಿಸಬಹುದೇ ಎಂದು ಮಾತ್ರ ನಿಮ್ಮ ಲೆಕ್ಕಿಗರನ್ನು ಕೇಳಿ, ನಮ್ಮನ್ನಲ್ಲ.