ತೀರ್ಥಹಳ್ಳಿಯ ಪಿಸಿಯನ್ನು ಶಿವಮೊಗ್ಗದಿಂದ ಎಬ್ಬಿಸಿದ್ದು

ತೀರ್ಥಹಳ್ಳಿ ಮನೆಯ ಪಿಸಿ, ಆಫ್ ಮಾಡಿದ ಸ್ವಲ್ಪ ಹೊತ್ತು ಶಿವಮೊಗ್ಗದಿಂದ ಇಂಟರ್ನೆಟ್ ಮೂಲಕ ಕರೆದರೆ ಏಳುತ್ತಿತ್ತು, ರಾತ್ರಿ ಕಳೆದರೆ ಜಪ್ಪಯ್ಯ ಅಂದರೂ ಏಳುತ್ತಿರಲಿಲ್ಲ. ಪಿಸಿಯ ಮೂಲ ಸೆಟ್ಟಿಂಗ್ ಇರುವ ಬಯಾಸ್‌ನಲ್ಲಿ ವೇಕ್ ಆನ್ ಲ್ಯಾನ್, ಅಂದರೆ ಆಫ್ ಆದ ಪಿಸಿಯನ್ನು ನೆಟ್‌ವರ್ಕ್ ಮೂಲಕ ಎಬ್ಬಿಸುವ ಸೌಲಭ್ಯ, ಆನ್ ಇತ್ತು. ರೌಟರ್‌ನಲ್ಲಿ ಯುಡಿಪಿ 9ನೇ ಪೋರ್ಟ್ ಪಿಸಿಯ ಐಪಿಗೆ (ಮನೆಯ ನೆಟ್‌ವರ್ಕ್‌ನಲ್ಲಿ ಅದರ ವಿಳಾಸ) ಫಾರ್ವರ್ಡ್ ಆಗಿತ್ತು, ಅಂದರೆ ಹೊರಗಿನಿಂದ ಆ ಪೋರ್ಟ್‌ಗೆ ಬಂದ ಕರೆಯನ್ನು ರೌಟರ್ ಪಿಸಿಗೆ ದಾಟಿಸಬೇಕು. ಹೊರಗಿನಿಂದ ನೇರ ತಲುಪಬಹುದಾದ ಪಬ್ಲಿಕ್ ಐಪಿಯೂ ಇತ್ತು. ಇನ್ನೇನು ಬೇಕು ಅಲ್ವಾ?

ತೊಂದರೆ ಇದ್ದದ್ದು ರೌಟರ್‌ನ ಎಆರ್‌ಪಿ ಪಟ್ಟಿಯಲ್ಲಿ. ಯಾವ ಐಪಿ ಯಾವ ಮ್ಯಾಕ್ ವಿಳಾಸದ್ದು (ನೆಟ್‌ವರ್ಕ್ ಕಾರ್ಡ್‌ನ ಗುರುತಿನ ಸಂಖ್ಯೆ) ಅನ್ನೋದು ಅಲ್ಲಿರುತ್ತದೆ. ಆಫ್ ಆದ ಪಿಸಿ ಉತ್ತರ ಕೊಡುವುದಿಲ್ಲ, ಸ್ವಲ್ಪ ಹೊತ್ತಿಗೆ ಆ ಸಾಲು ಅಳಿಸಿಹೋಗುತ್ತದೆ, ಆಮೇಲೆ ಬಂದ ಮ್ಯಾಜಿಕ್ ಪ್ಯಾಕೆಟ್ (ಪಿಸಿಯನ್ನು ಎಬ್ಬಿಸುವ ಸಂದೇಶ) ಯಾರಿಗೆ ಕೊಡಬೇಕು ಅಂತಲೇ ರೌಟರ್‌ಗೆ ಗೊತ್ತಾಗುವುದಿಲ್ಲ. ರೌಟರ್‌ನ ಐಪಿ-ಮ್ಯಾಕ್ ಬೈಂಡಿಂಗ್‌ನಲ್ಲಿ ಎರಡನ್ನೂ ಕಾಯಂ ಜೋಡಿಸಿದೆ. ಪಿಸಿಗೆ ಯಾವಾಗಲೂ ಒಂದೇ ಐಪಿ ಕೊಡುವ ಡಿಎಚ್‌ಸಿಪಿ ರಿಸರ್ವೇಶನ್ ಒಂದೇ ಸಾಲದು. ಬೆಳಗ್ಗೆ ಕರೆದೆ, ಎದ್ದಿತು.

ಮಲೆನಾಡಿನ ಮಳೆಗಾಲ ಗೊತ್ತಲ್ಲ, ಕರೆಂಟ್ ಹೋಗಿ ಬಂದರೆ ಕೆಲವು ಪಿಸಿಗಳು ಈ ಕರೆ ಕೇಳುವುದಿಲ್ಲ. ಅದಕ್ಕೆ ಕರೆಂಟ್ ಬಂದ ಕೂಡಲೇ ಆನ್ ಆಗುವ ಆಯ್ಕೆಯನ್ನೂ ಬಯಾಸ್‌ನಲ್ಲಿ ಹಾಕಿದ್ದೇನೆ.