ಖುಲಾಸೆ ಆಯ್ತು ಅಂದಮೇಲೆ ಮಾಡಬೇಕಾದ ಕೆಲಸಗಳು

ನಾನು ಗಂಗಾವತಿ ಕೋರ್ಟಿನಲ್ಲಿ ವಕೀಲರ ಗುಮಾಸ್ತ. ಕಾರಟಗಿ, ಕನಕಗಿರಿ ಕಡೆಯ ಕಕ್ಷಿದಾರರು ತೀರ್ಪು ಬಂದ ಖುಷಿಯಲ್ಲಿ ನೇರ ಬಸ್‌ಸ್ಟ್ಯಾಂಡಿಗೆ ಹೊರಟುಬಿಡುತ್ತಾರೆ. ಅವರನ್ನು ಗೇಟಿನ ಹತ್ತಿರ ನಿಲ್ಲಿಸಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು, ಸಿಕ್ಕಿದ್ದು ಖುಲಾಸೆನೇ ಹೌದಾ ಅಂತ ವಕೀಲರನ್ನು ಕೇಳಿ. ಬೇಲ್ ಸಿಕ್ಕರೆ ಕೇಸು ಮುಗಿಯುವುದಿಲ್ಲ, ತಾರೀಖಿಗೆ ಬರಲೇಬೇಕು. ಆಧಾರ ಸಾಲದೆಂದು ವಿಚಾರಣೆಗೂ ಮೊದಲೇ ಕೈಬಿಟ್ಟರೆ ಅದು ಡಿಸ್ಚಾರ್ಜ್. ವಿಚಾರಣೆ ನಡೆದು, ಆರೋಪ ಸಾಬೀತಾಗಲಿಲ್ಲ ಅಂತ ತೀರ್ಪು ಬಂದರೆ ಖುಲಾಸೆ. ಕೋರ್ಟಿನಲ್ಲಿ ಕಾನೂನು ಪ್ರಕಾರ ರಾಜಿ ಆದರೂ ಅದರ ಫಲ ಖುಲಾಸೆಯೇ.

ಅವತ್ತೇ ತೀರ್ಪಿನ ನಕಲು (ಕೋರ್ಟಿನ ಸೀಲು, ಸಹಿ ಇರುವ ಪ್ರತಿ) ಬೇಕೆಂದು ಅರ್ಜಿ ಹಾಕಿ. ಎರಡು ಪ್ರತಿ ಕೇಳಿ. ಕೈಗೆ ಬಂದ ಮೇಲೆ ಸೀಲು, ಸಹಿ ನೋಡಿ, ಕೊನೆಯಲ್ಲಿರುವ ‘ಆದೇಶ’ ಭಾಗವನ್ನು ನಿಧಾನವಾಗಿ ಓದಿ. ಅಲ್ಲಿ ಹೆಸರಿನ ಬದಲು ‘1ರಿಂದ 4ನೇ ಆರೋಪಿಗಳು’ ಅಂತ ಬರೆದಿರಬಹುದು. ನಿಮ್ಮ ನಂಬರ್ ಅದರೊಳಗೆ ಇದೆಯಾ? ಬೈಕು, ಮೊಬೈಲು ಮುದ್ದೆಮಾಲಾಗಿ (ಕೇಸಿನಲ್ಲಿ ಜಪ್ತಿಯಾದ ವಸ್ತುವಾಗಿ) ಹೋಗಿದ್ದರೆ ಅದನ್ನು ಏನು ಮಾಡಬೇಕೆಂಬುದೂ ಅಲ್ಲೇ ಇರುತ್ತದೆ.

ಬೇಲಿಗೆ ಕೊಟ್ಟ ಬಾಂಡ್ ಅಲ್ಲದೆ ಕೋರ್ಟು ಕೇಳುವ ಇನ್ನೊಂದು ಬಾಂಡ್ ಯಾಕೆ ಅಂತ ಜಾಮೀನುದಾರರು ಗಾಬರಿಯಾಗುತ್ತಾರೆ, ಪಾಪ. ಮೇಲಿನ ಕೋರ್ಟಿನಿಂದ ನೋಟಿಸ್ ಬಂದರೆ ಹಾಜರಾಗುತ್ತೇನೆ ಎನ್ನುವ ಬಾಂಡ್ ಅದು. 6 ತಿಂಗಳು ಜಾರಿಯಲ್ಲಿರುತ್ತದೆ. ಸರ್ಕಾರವೋ ಸಂತ್ರಸ್ತರೋ ಮೇಲ್ಮನವಿ ಹಾಕಬಹುದು. ಹೈಕೋರ್ಟಿಗೆ ಹೋದರೆ ನಮ್ಮ ಕೊಪ್ಪಳ ಜಿಲ್ಲೆಯವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ. ತೀರ್ಪು ಹಾಗೇ ಉಳಿದರೆ ಅದೇ ಅಪರಾಧಕ್ಕೆ ನಿಮ್ಮ ಮೇಲೆ ಮತ್ತೆ ವಿಚಾರಣೆ ನಡೆಸಲು ಬರುವುದಿಲ್ಲ.

ನನಗೆ ಜಾಸ್ತಿ ಸಂಕಟ ಆಗುವುದು ನೌಕರಿಗೆ ಅರ್ಜಿ ಹಾಕುವ ಹುಡುಗರನ್ನು ಕಂಡಾಗ. ‘ಕ್ರಿಮಿನಲ್ ಕೇಸು ಇತ್ತೇ?’ ಅಂತ ಫಾರಂನಲ್ಲಿ ಕೇಳಿದರೆ, ಖುಲಾಸೆ ಆಗಿದೆಯಲ್ಲ ಅಂತ ಸುಮ್ನೆ ‘ಇಲ್ಲ’ ಬರೆಯುತ್ತಾರೆ. ತಮ್ಮಾ, ಹಾಗೆ ಮಾಡಬೇಡ. ಮುಚ್ಚಿಟ್ಟರೆ ಅದೇ ಕಾರಣಕ್ಕೆ ಕೆಲಸ ಹೋಗಬಹುದು. ಅವತಾರ್ ಸಿಂಗ್ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ, ಮಾಹಿತಿ ನಿಜ ಇರಬೇಕು. ‘ಇತ್ತು, ಖುಲಾಸೆ ಆಗಿದೆ’ ಅಂತ ಬರೆದು, ಕೋರ್ಟಿನ ಹೆಸರು, ಕೇಸ್ ನಂಬರ್, ತೀರ್ಪಿನ ತಾರೀಖು ಹಾಕಿ, ನಕಲಿನ ಜೆರಾಕ್ಸ್ ಲಗತ್ತಿಸಿ. ಮೂಲ ಪ್ರತಿ ಮನೆಯಲ್ಲೇ ಇರಲಿ.