ನಾವೇ ಮಾಡಿದ ವೈರಿಂಗ್‌ಗೆ ಎಲೆಕ್ಟ್ರಿಷಿಯನ್ ಸಹಿ ಹಾಕಲ್ಲ ಅಂದರೆ...

ರಾಜಾಜಿನಗರದ ನಮ್ಮ ಹಳೇ ಮನೆಯ ಮಹಡಿ ಮೇಲೆ ಒಂದು ರೂಮು, ಒಂದು ಬಚ್ಚಲು ಕಟ್ಟಿಸಿದೆವು. ವೈರಿಂಗ್ ಮಾತ್ರ ನಾನೂ ತಮ್ಮನೂ ಸೇರಿ ಮಾಡಿದೆವು. ಬಿವಿಕೆ ಅಯ್ಯಂಗಾರ್ ರಸ್ತೆಗೆ ಹೋಗಿ ಒಳ್ಳೇ ವೈರು, ಪೈಪು, ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಆಫ್ ಆಗುವ ಸ್ವಿಚ್) ತಂದಿದ್ದೆವು. ಗಾರೆ ಮುಗಿಯಿತು, ಬಣ್ಣವೂ ಆಯಿತು. ಗೀಸರ್, ಎಸಿ ಬರುವುದರಿಂದ ಲೋಡ್ ಜಾಸ್ತಿ ಮಾಡಿಸಲು ಬೆಸ್ಕಾಂಗೆ ಅರ್ಜಿ ಹಾಕಬೇಕಿತ್ತು. ಅದಕ್ಕೆ ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಕೊಡುವ ಕಂಪ್ಲೀಷನ್ ರಿಪೋರ್ಟ್, ಅಂದರೆ ವೈರಿಂಗ್ ಸರಿಯಾಗಿ ಮುಗಿದಿದೆ ಅಂತ ಸಹಿ ಮಾಡಿದ ಕಾಗದ ಬೇಕು. ಬಂದವರು ಒಂದು ಸುತ್ತು ನೋಡಿ, "ಗೋಡೆ ಒಳಗೆ ಏನಿದೆ ಅಂತ ನಾನು ನೋಡಿಲ್ಲ ಸಾರ್, ಹೆಂಗೆ ಸೈನ್ ಹಾಕ್ಲಿ?" ಅಂದರು. ಅರ್ಧ ಗಂಟೆ ಜಗಳವೇ ಆಯಿತು.

ಅವರು ಹೇಳಿದ್ದು ಸರಿ ಇತ್ತು. ನಿಮ್ಮ ಮನೆಯಲ್ಲೂ ಹೀಗಾದರೆ ಏನು ಮಾಡಬೇಕು, ನೋಡಿ.

ಮೊದಲು, ಸಹಿ ಅಂದರೆ ಏನು ಅಂತ ತಿಳಿದುಕೊಳ್ಳಿ

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ ಬದಲಾಯಿಸುವುದನ್ನು ನಾವೇ ಮಾಡಿಕೊಳ್ಳಬಹುದು. ಹೊಸ ಲೈನ್ ಎಳೆಯುವುದು ಹಾಗಲ್ಲ. ಅದನ್ನು ಲೈಸೆನ್ಸ್ ಇರುವ ಕಾಂಟ್ರಾಕ್ಟರೇ ಮಾಡಬೇಕು, ಅರ್ಹ ಸೂಪರ್‌ವೈಸರ್ ಮುಂದೆ ನಿಂತು ಮಾಡಿಸಬೇಕು. ಹಾಗಾಗಿ ರಿಪೋರ್ಟ್‌ನಲ್ಲಿ ಸಹಿ ಹಾಕಿದವರು ಆ ಕೆಲಸದ ಹೊಣೆಯನ್ನೇ ಹೊರುತ್ತಾರೆ. ನಾಳೆ ಯಾರಿಗಾದರೂ ಶಾಕ್ ಹೊಡೆದರೆ ಉತ್ತರ ಕೊಡಬೇಕಾದವರು ಅವರು.

ಅಂದರೆ "ಸುಮ್ನೆ ಒಂದು ಸೈನ್ ಹಾಕಿ, ದುಡ್ಡು ಕೊಡ್ತೀನಿ" ಅನ್ನುವ ಮಾತೇ ಬೇಡ. ನೋಡದೆ ಸಹಿ ಹಾಕುವವರು ಸಿಕ್ಕರೂ ಅವರ ಹತ್ತಿರ ಹೋಗಬೇಡಿ. ಆ ಕಾಗದದಿಂದ ಬಚ್ಚಲಲ್ಲಿ ಸ್ನಾನ ಮಾಡುವ ಮಗುವಿಗೆ ಯಾವ ರಕ್ಷಣೆಯೂ ಇಲ್ಲ.

ಎರಡನೆಯದು, "ಎಲ್ಲಾ ಕಿತ್ತು ಹಾಕಿ" ಅನ್ನುವುದನ್ನು ಬಿಡಿಸಿ ಕೇಳಿ

ಜಗಳ ಬೆಳೆಯುವುದು ಇಲ್ಲೇ. ಅವರು "ಪೂರ್ತಿ ಹೊಸದಾಗಿ ಮಾಡಬೇಕು" ಅನ್ನುತ್ತಾರೆ, ನಮಗೆ ದುಡ್ಡು ಕೀಳೋಕೆ ಹೇಳ್ತಿದ್ದಾರೆ ಅನ್ನಿಸುತ್ತದೆ. ಕೋಪ ಬೇಡ, ಒಂದು ಹಾಳೆ ತೆಗೆದುಕೊಳ್ಳಿ. ಯಾವ ಪಾಯಿಂಟ್, ಏನು ತಪ್ಪು, ಯಾಕೆ, ಎಷ್ಟು ಖರ್ಚು ಅಂತ ಒಂದೊಂದಾಗಿ ಬರೆಸಿ. ಅಪಾಯದ್ದು ಯಾವುದು, ಬರೀ ಅವರ ಅಭ್ಯಾಸಕ್ಕೆ ಒಗ್ಗದ್ದು ಯಾವುದು ಅನ್ನುವುದು ಆಗ ಬೇರೆಯಾಗುತ್ತದೆ. ಇಂಥದ್ದೇ ಕಂಪನಿಯ ಸ್ವಿಚ್ ಇರಲಿ ಅನ್ನುವುದನ್ನು ಮಾತಾಡಿ ಬಿಡಿಸಿಕೊಳ್ಳಬಹುದು. ಬಚ್ಚಲಿನ ಪಾಯಿಂಟ್‌ಗೆ ಅರ್ತ್ (ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ವೈರು) ಇಲ್ಲ ಅಂದರೆ ಚೌಕಾಸಿ ಮಾಡಬೇಡಿ.

ಮೂರನೆಯದು, ಪರೀಕ್ಷೆ ಮಾಡಲು ಬಿಡಿ

ಬಾಯಿ ಮಾತಿಗಿಂತ ಮೀಟರ್ ಮಾತು ಇಬ್ಬರೂ ಒಪ್ಪುವಂಥದ್ದು, ಅಲ್ವಾ? ಮೇನ್ ಆಫ್ ಮಾಡಿ, ಬಲ್ಬ್, ಗೀಸರ್, ಟಿವಿ ಎಲ್ಲಾ ಬಿಚ್ಚಿ, ಮೆಗ್ಗರ್‌ನಿಂದ 500 ವೋಲ್ಟ್ ಡಿಸಿ ಕೊಟ್ಟು ಇನ್ಸುಲೇಷನ್, ಅಂದರೆ ವೈರಿನ ಹೊದಿಕೆ ಕರೆಂಟ್ ಸೋರದಂತೆ ತಡೆಯುತ್ತದಾ ಅಂತ ನೋಡುತ್ತಾರೆ. ಕನಿಷ್ಠ 1 ಮೆಗಾ ಓಮ್ ಬರಬೇಕು. ಒಳ್ಳೇ ಹೊಸ ವೈರಾದರೆ ಅದಕ್ಕಿಂತ ಎಷ್ಟೋ ಜಾಸ್ತಿ ಬರುತ್ತದೆ. ಆಮೇಲೆ ಪ್ರತಿ ಸಾಕೆಟ್‌ನಲ್ಲೂ ಅರ್ತ್ ತುಂಡಾಗದೆ ಬಂದಿದೆಯಾ, ಸ್ವಿಚ್ ಫೇಸ್ (ಕರೆಂಟ್ ತರುವ ವೈರು) ಮೇಲೆಯೇ ಇದೆಯಾ, 30 ಮಿಲಿ ಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಆಫ್ ಮಾಡುವ ಸ್ವಿಚ್) ಸರಿಯಾಗಿ ಟ್ರಿಪ್ ಆಗುತ್ತದಾ ಅಂತ ನೋಡಬೇಕು. ಸ್ವಿಚ್ಚನ್ನು ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರು) ಮೇಲೆ ಹಾಕಿದ್ದರೆ ಆಫ್ ಮಾಡಿದರೂ ಹೋಲ್ಡರ್‌ನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಬಲ್ಬ್ ಬದಲಾಯಿಸುವಾಗ ಕೈ ತಾಗಿದರೆ ಮುಗಿಯಿತು.

ಒಂದು ಮಾತು ನೆನಪಿಡಿ: ಆರ್‌ಸಿಸಿಬಿ ಪದೇ ಪದೇ ಬೀಳುತ್ತಿದೆ ಅಂತ ಅದನ್ನೇ ತೆಗೆದು ಹಾಕಬೇಡಿ. ಎಷ್ಟೋ ಸಲ ಎರಡು ಲೈನಿನ ನ್ಯೂಟ್ರಲ್ ಒಂದಕ್ಕೊಂದು ಸೇರಿಕೊಂಡಿರುತ್ತವೆ, ಇಲ್ಲವೇ ನ್ಯೂಟ್ರಲ್ ಎಲ್ಲೋ ಅರ್ತ್‌ಗೆ ತಾಗಿರುತ್ತದೆ. ತಪ್ಪು ವೈರಿಂಗ್‌ನದ್ದು.

ಮೀಟರ್‌ಗೆ ಕಾಣದ ತಪ್ಪುಗಳೂ ಇವೆ. ಅದಕ್ಕೇ ನಮ್ಮ ಕಾಂಟ್ರಾಕ್ಟರ್ ಜಂಕ್ಷನ್ ಬಾಕ್ಸ್‌ಗಳನ್ನೆಲ್ಲಾ ಬಿಚ್ಚಿಸಿದರು, ಗೀಸರ್ ಲೈನ್ ಎಳೆದು ನೋಡಿದರು. ಪೈಪಿನ ಮಧ್ಯದಿಂದ ಒಂದು ಜಾಯಿಂಟ್ ಹೊರಗೆ ಬಂತು. ಬರೀ ತಿರುಚಿ, ಟೇಪ್ ಸುತ್ತಿದ್ದು. ಉಳಿದಿದ್ದ 1.5 ಸ್ಕ್ವೇರ್ ಎಂಎಂನ ತೆಳು ವೈರನ್ನು ನಾನೇ ಅಲ್ಲಿ ಸೇರಿಸಿದ್ದೆ, ಮೇಲೆ 20 ಆಂಪ್‌ನ ಎಂಸಿಬಿ ಹಾಕಿದ್ದೆ. 3 ಕಿಲೋವ್ಯಾಟ್ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 13 ಆಂಪ್ ಎಳೆಯುತ್ತದೆ. ಗೀಸರ್ ಹಾಕಿದ್ದರೆ ಜಾಯಿಂಟ್ ದಿನಾ ಬೆಳಿಗ್ಗೆ ಗೋಡೆಯೊಳಗೆ ಬಿಸಿಯಾಗುತ್ತಿತ್ತು, 20 ಆಂಪ್ ದಾಟದ ಕಾರಣ ಎಂಸಿಬಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಆ ಜಾಯಿಂಟನ್ನು ಕೈಯಲ್ಲಿ ಹಿಡಿದು ನಿಂತಾಗ ನನ್ನ ಕೋಪವೆಲ್ಲಾ ಇಳಿದು ಹೋಯಿತು.

ಗೋಡೆ ಒಡೆಯಬೇಕಾಗಲಿಲ್ಲ. ಪೈಪು ಸರಿ ಇತ್ತು. ಹಳೇ ವೈರು ಎಳೆದು, ಅದರ ಜಾಗಕ್ಕೆ ಅವರ ಹುಡುಗರೇ 4 ಸ್ಕ್ವೇರ್ ಎಂಎಂ ವೈರು ತೂರಿಸಿದರು. ಉಳಿದ ಲೈನ್‌ಗಳನ್ನೂ ಒಂದೊಂದಾಗಿ ತೆಗೆದು ಮಾಡಿದರು. "ಈಗ ಇದು ನಮ್ಮ ಕೆಲಸ" ಅಂದ ಮೇಲೆಯೇ ಸಹಿ ಹಾಕಿದ್ದು.

ಒಪ್ಪಂದ ಆಗದೇ ಹೋದರೆ

ಇನ್ನೊಬ್ಬ ಲೈಸೆನ್ಸ್ಡ್ ಕಾಂಟ್ರಾಕ್ಟರ್‌ನ ಕರೆದು ತೋರಿಸಿ. ಮೊದಲನೆಯವರು ಬರೆದ ಹಾಳೆಯನ್ನು ಬಚ್ಚಿಡಬೇಡಿ, ಅವರ ಮುಂದೆ ಇಡಿ. ಇಬ್ಬರೂ ಒಂದೇ ತಪ್ಪು ಹೇಳಿದರೆ ಅದು ತಪ್ಪೇ. ಯಾರನ್ನೇ ಕರೆದರೂ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇದೆಯಾ, ಅದರ ಅವಧಿ ಮುಗಿದಿಲ್ಲವಾ ಅಂತ ಕೇಳಿ ನೋಡಿ. ಪರೀಕ್ಷೆಗೆ ಎಷ್ಟು, ರಿಪೇರಿಗೆ ಎಷ್ಟು ಅಂತ ಕೆಲಸಕ್ಕೆ ಮೊದಲೇ ಬೇರೆ ಬೇರೆಯಾಗಿ ಮಾತಾಡಿಕೊಳ್ಳಿ.

ಇನ್ನೂ ಕೆಲಸ ಶುರುವೇ ಮಾಡಿಲ್ಲವಾ? ಹಾಗಾದರೆ ಪೈಪು ಹೂಳುವ ಮೊದಲೇ ಅವರನ್ನು ಕರೆಯಿರಿ. ಗೋಡೆ ಕೊರೆಯುವುದು, ಸಾಮಾನು ತರುವುದು ನಿಮ್ಮದಿರಲಿ, ವೈರು ಅವರದ್ದಾಗಲಿ. ಗಾರೆ ಹಾಕುವ ಮುಂಚೆ ಪ್ರತಿ ಗೋಡೆಯ ಫೋಟೋ ತೆಗೆಯಿರಿ. ಕೆಲಸ ಮುಗಿದ ಮೇಲೆ ರಿಪೋರ್ಟ್‌ನ ಒಂದು ಪ್ರತಿ ಇಟ್ಟುಕೊಂಡು, ಯಾವ ಎಂಸಿಬಿ ಯಾವ ಲೈನಿಗೆ ಅಂತ ಬರೆದು ಡಿಬಿ (ಎಂಸಿಬಿಗಳಿರುವ ಪೆಟ್ಟಿಗೆ) ಬಾಗಿಲ ಒಳಗೆ ಅಂಟಿಸಿ.